ಅಡಿಗಿ ಬ್ಯಾಡ, ಬಡಿಸಿದರ ಸಾಕು: ಐದು ವ್ಯಾಟಿನ ಮನೆ ಸರ್ವರ್



ನಿಮ್ಮ ಮನೆಯ ಫೋನುಗಳನ್ನು ಒಮ್ಮೆ ತೆಗೆದು ನೋಡಿರಿ. ಅಪ್ಪನ ಫೋನಿನಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜದ ಮೆರವಣಿಗೆ, ಅಕ್ಕನ ಫೋನಿನಲ್ಲಿ ಶಾಲೆಯ ಗ್ಯಾದರಿಂಗ್, ಅವ್ವನ ಹಳೆ ಫೋನಿನಲ್ಲಿ ಅಜ್ಜಿ ಹಾಡಿದ ಬೀಸುವ ಪದ. ಸೊಲ್ಲಾಪುರದ ವಿಜಾಪುರ ರಸ್ತೆಯಿರಲಿ, ಅಕ್ಕಲಕೋಟದ ಹಳ್ಳಿಯಿರಲಿ, ನಮ್ಮ ಮನೆಗಳ ಕನ್ನಡ ಹೀಗೆ ಚೆದುರಿ ಬಿದ್ದದ. ಫೋನ್ ನೀರಿಗೆ ಬಿತ್ತೋ, ಅಜ್ಜಿಯ ಹಾಡೂ ಹೋಯಿತು. ಅದು ಮತ್ತೆ ಯಾವ ಆ್ಯಪ್‌ನಲ್ಲೂ ಸಿಗಂಗಿಲ್ಲ.

ಇವನ್ನೆಲ್ಲ ಒಂದೇ ಕಡೆ ಇಟ್ಟು, ಮನೆಯವರೆಲ್ಲ ತಮ್ಮ ಫೋನಿನಲ್ಲೋ ಟಿವಿಯಲ್ಲೋ ನೋಡುವಂತೆ ಮಾಡುವ ಯಂತ್ರವೇ ಮೀಡಿಯಾ ಸರ್ವರ್. "ಸರ್, ಹಗಲೂ ರಾತ್ರಿ ಚಾಲೂ ಇಟ್ಟರ ಕರೆಂಟ್ ಬಿಲ್ ಎಷ್ಟ ಬರ್ತದ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ.

ವ್ಯಾಟಿನ ಲೆಕ್ಕ

1000 ವ್ಯಾಟಿನ ಉಪಕರಣ 1 ಗಂಟೆ ನಡೆದರೆ 1 ಯೂನಿಟ್. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ 80 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿರಿ. 80 × 24 × 30 = 57,600, ಅಂದರೆ ತಿಂಗಳಿಗೆ 57.6 ಯೂನಿಟ್. ಇದು ದುಬಾರಿಯೇ.

ಈಗ ರಾಸ್ಪ್‌ಬೆರಿ ಪೈ ನೋಡ್ರಿ. ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದು ಬ್ರಿಟನ್ನಿನಲ್ಲಿ ರೂಪುಗೊಂಡು 2012ರಲ್ಲಿ ಮಾರಾಟಕ್ಕೆ ಬಂದ ಅಂಗೈ ಅಗಲದ ಕಂಪ್ಯೂಟರ್ ಇದು. ಇದರ ನಾಲ್ಕನೆಯ ಮಾದರಿಗೆ ಸಾಮಾನ್ಯ ಕೆಲಸದಲ್ಲಿ ಸುಮಾರು 5 ವ್ಯಾಟ್ ಸಾಕು. 5 × 24 × 30 = 3,600, ಅಂದರೆ 3.6 ಯೂನಿಟ್. 75 ವ್ಯಾಟಿನ ಫ್ಯಾನ್ ಎರಡು ದಿನ ಬಿಡದೆ ತಿರುಗಿದರೆ ಆಗುವಷ್ಟೇ ಖರ್ಚು! ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ ದರದಿಂದ ಗುಣಿಸಿ ರೂಪಾಯಿ ತೆಗೆಯಿರಿ.

ಇಷ್ಟು ಸಣ್ಣ ಯಂತ್ರಕ್ಕೆ ಇದು ಹೇಗೆ ಸಾಧ್ಯ?

ಸರ್ವರ್ ಎಂದರೆ ಬಡಿಸುವವನು. ಜಾತ್ರೆಯ ಪಂಕ್ತಿಯಲ್ಲಿ ಬಡಿಸುವವನು ಅಡಿಗೆ ಮಾಡುವುದಿಲ್ಲ. ಆದದ್ದನ್ನು ಎಲೆಗೆ ಹಾಕುತ್ತ ಹೋಗುತ್ತಾನೆ. ವಿಡಿಯೋ ಫೈಲಿನಲ್ಲಿ ಚಿತ್ರಗಳು ಒತ್ತಿ ಚಿಕ್ಕದಾಗಿ ತುಂಬಿರುತ್ತವೆ. ಹಾಗೆ ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಫೋನಿಗೆ ಆ ಕೋಡೆಕ್ ಗೊತ್ತಿದ್ದರೆ ಸರ್ವರ್ ಫೈಲನ್ನು ಇದ್ದ ಹಾಗೆಯೇ ತುಣುಕು ತುಣುಕಾಗಿ ಕಳಿಸುತ್ತದೆ. ಬಿಡಿಸಿ ನೋಡುವ ಕೆಲಸ ಫೋನಿನದು. ಗೊತ್ತಿಲ್ಲದಿದ್ದರೆ ಸರ್ವರ್ ಪ್ರತಿ ಚಿತ್ರವನ್ನೂ ಬಿಚ್ಚಿ, ಬೇರೆ ಕೋಡೆಕ್‌ನಲ್ಲಿ ಮತ್ತೆ ಒತ್ತಬೇಕು. ಸೆಕೆಂಡಿಗೆ 25ರಿಂದ 30 ಚಿತ್ರ! ಇದು ಪಂಕ್ತಿ ಕೂತ ಮ್ಯಾಲ ಒಲಿ ಹಚ್ಚಿದಂಗ. ಸಣ್ಣ ಯಂತ್ರ ಇಲ್ಲಿ ಸೋಲುತ್ತದೆ.

ಆದ್ದರಿಂದ ಅಡಿಗೆ ಮೊದಲೇ ಮುಗಿಸಿಡಿ. ಎಲ್ಲ ವಿಡಿಯೋಗಳನ್ನೂ ಒಂದು ಸಲ ದೊಡ್ಡ ಕಂಪ್ಯೂಟರಿನಲ್ಲಿ ಎಚ್.264 ಕೋಡೆಕ್‌ನ ಎಂಪಿ4 ಆಗಿ ಬದಲಾಯಿಸಿರಿ. ಬಹುತೇಕ ಎಲ್ಲ ಫೋನು, ಟಿವಿಗಳಿಗೂ ಇದು ಗೊತ್ತು.

ಡೇಟಾ ಪ್ಯಾಕ್ ಖರ್ಚಾಗುವುದೇ?

ಇಲ್ಲ. ವಿಡಿಯೋ ಸರ್ವರಿನಿಂದ ವೈಫೈ ರೂಟರಿಗೆ, ರೂಟರಿನಿಂದ ಫೋನಿಗೆ ಬರುತ್ತದೆ. ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಎಲ್ಲ ಹೊಂದಿಸಿದ ಮೇಲೆ ಇಂಟರ್ನೆಟ್ ಇಲ್ಲದಿದ್ದರೂ ನಡೀತದ. 20 ನಿಮಿಷದ ವಿಡಿಯೋ 200 ಮೆಗಾಬೈಟ್ ಇದ್ದರೆ 200 × 8 = 1600 ಮೆಗಾಬಿಟ್. ಅದನ್ನು 1200 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಸುಮಾರು 1.3 ಮೆಗಾಬಿಟ್. ಆರು ಜನ ಬೇರೆ ಬೇರೆ ನೋಡಿದರೂ 8 ಮೆಗಾಬಿಟ್. ಸಾಧಾರಣ ರೂಟರ್ ಇದನ್ನು ಸುಲಭವಾಗಿ ಹೊರುತ್ತದೆ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಜನಸ್ತು ಎಂಬ ಸಂಸ್ಥೆ ಹಳ್ಳಿಯ ಜನರೊಂದಿಗೆ ಸೇರಿ ವೈಫೈ ಜಾಲ ಕಟ್ಟಿದೆ. ಮನೆಯಲ್ಲಿ ನಾವು ಮಾಡುವುದನ್ನೇ ಅವರು ಊರಿನ ಮಟ್ಟದಲ್ಲಿ ಮಾಡಿದ್ದಾರೆ.

ಕಟ್ಟುವ ಕ್ರಮ

1. ಮೆಮೊರಿ ಕಾರ್ಡಿಗೆ ರಾಸ್ಪ್‌ಬೆರಿ ಪೈ ಓಎಸ್ ಹಾಕಿರಿ.
2. ಜೆಲ್ಲಿಫಿನ್ ತಂತ್ರಾಂಶ ಅಳವಡಿಸಿರಿ. 2018ರಲ್ಲಿ ಆರಂಭವಾದ ಇದು ಪೂರ್ತಿ ಉಚಿತ, ಮುಕ್ತ.
3. ವಿಡಿಯೋ, ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ಜೋಡಿಸಿರಿ.
4. ಸರ್ವರನ್ನು ಕೇಬಲ್ಲಿನಿಂದ ರೂಟರಿಗೆ ಸೇರಿಸಿರಿ.
5. ಫೋನಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಬರೆಯಿರಿ. ಅದು 192.168.1.10:8096 ಈ ರೀತಿ ಇರುತ್ತದೆ. ಮೊದಲ ಭಾಗ ಮನೆಯಿಂದ ಮನೆಗೆ ಬೇರೆ ಇರಬಹುದು. ಕೊನೆಯ 8096 ಜೆಲ್ಲಿಫಿನ್‌ನ ಬಾಗಿಲ ಸಂಖ್ಯೆ.

ಹೊಸದು ಕೊಳ್ಳುವ ಮೊದಲು ಮೂಲೆಯಲ್ಲಿರುವ ಹಳೆ ಲ್ಯಾಪ್‌ಟಾಪ್ ನೋಡಿರಿ. 15 ವ್ಯಾಟಿನಂತೆ ದಿನಾ ಸಂಜೆ 4 ಗಂಟೆ ನಡೆಸಿದರೆ ತಿಂಗಳಿಗೆ 1.8 ಯೂನಿಟ್ ಅಷ್ಟೇ. ಬ್ಯಾಟರಿ ಚಲೋ ಇದ್ದರೆ ಕರೆಂಟ್ ಹೋದಾಗಲೂ ಚಿಂತೆಯಿಲ್ಲ. ಆದರೆ ಬ್ಯಾಟರಿ ಉಬ್ಬಿದ್ದರೆ ಚಾಲೂ ಮಾಡಬೇಡಿರಿ, ಮುಟ್ಟಲೂಬೇಡಿರಿ, ದೊಡ್ಡವರಿಗೆ ಹೇಳಿರಿ.

ಪೈಗೆ ಬ್ಯಾಟರಿ ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಅದಕ್ಕೆ ಎಲ್ಲದರ ಎರಡನೆಯ ಪ್ರತಿಯನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಲೇಬೇಕು. ಮತ್ತೊಂದು ಮಾತು: ಕದ್ದ ಸಿನಿಮಾ ತುಂಬಬೇಡಿರಿ. ನಿಮ್ಮದೇ ಚಿತ್ರೀಕರಣ, ಅನುಮತಿ ಇರುವ ಪಾಠಗಳು ಸಾಕಷ್ಟು ಅವ.

ಸರ್ವರ್ ಕಟ್ಟಲು ತಿಂಗಳು ಹಿಡಿಯಬಹುದು. ಒಳಗೆ ಇಡುವುದನ್ನು ಮಾತ್ರ ಇಂದೇ ಆರಂಭಿಸಿರಿ. ಸಂಜೆ ಅಜ್ಜಿಯ ಹತ್ತಿರ ಕೂತು, ಅವರನ್ನು ಕೇಳಿ, ಒಂದು ಪದ ರೆಕಾರ್ಡ್ ಮಾಡಿಕೊಳ್ಳಿರಿ. ಫೈಲಿಗೆ ಹೆಸರು, ತಾರೀಖು, ಊರು ಬರೆಯಲು ಮರೀಬ್ಯಾಡ್ರಿ.