ಗ್ರ್ಯಾಮಿ ಈಗ ಕಲಿತದ್ದು, ಜೇವರ್ಗಿ ಮೊದಲಿಂದ ಬಲ್ಲದ್ದು

ಗ್ರ್ಯಾಮಿ ಗೊತ್ತಲ್ಲ? ಗೆದ್ದವರ ಕೈಗೆ ಬಂಗಾರದ ಬಣ್ಣದ ಪುಟ್ಟ ಗ್ರಾಮಾಫೋನ್ ಇಡುವ ಅಮೆರಿಕದ ಪ್ರಶಸ್ತಿ! 1959ರಿಂದ ಕೊಡುತ್ತಿದ್ದಾರೆ. ನಮ್ಮ ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ಮೊದಲ ಸಲ ಗೆದ್ದರು. ಅಷ್ಟು ದೊಡ್ಡ ಪ್ರಶಸ್ತಿಗೂ ಒಂದು ಹಟವಿತ್ತು: ಹಾಡು ಮಾರಾಟಕ್ಕೆ ಬಂದಿರಲೇಬೇಕು. ಪ್ಲೇಟೋ, ಸಿಡಿಯೋ, ಕೊನೆಗೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಡೌನ್‌ಲೋಡೋ. 2016ರಲ್ಲಿ ಆ ಹಟ ಬಿಟ್ಟರು. ಮರುವರ್ಷವೇ ಚಾನ್ಸ್ ದ ರ್‍ಯಾಪರ್ ಎಂಬ ಹಾಡುಗಾರ, ಬರೀ ಸ್ಟ್ರೀಮಿಂಗ್‌ನಲ್ಲಿ ಬಿಟ್ಟ ‘ಕಲರಿಂಗ್ ಬುಕ್’ ಆಲ್ಬಮ್ಮಿಗೆ ಗ್ರ್ಯಾಮಿ ಹೊತ್ತೊಯ್ದ!

ಇದೇನು ಮಹಾ ಎನ್ನಿಸಬೇಕಾದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಭಜನಾ ಸ್ಪರ್ಧೆಗೆ ಬರಬೇಕು. ಗುಡಿ ಮುಂದೆ ತಾಡಪತ್ರಿ ಹಾಸಿದೆ. ಹಾರ್ಮೋನಿಯಂ, ತಬಲಾ, ತಾಳ, ಏಕತಾರಿ. ಒಂದು ಮೇಳ ಎದ್ದರೆ ಇನ್ನೊಂದು ಕೂಡುತ್ತದೆ. ಪದ ರಂಗೇರಿತೋ, ಯಾರೋ ಎದ್ದು ನೋಟು ಚಾಚುತ್ತಾರೆ, ಮೈಕಿನಲ್ಲಿ ಆಯೇರಿ ಕೂಗುತ್ತಾರೆ. ನಿರ್ಣಾಯಕರು ತೂಗುವುದು ಶ್ರುತಿ, ತಾಳ, ಪದದ ಅರ್ಥ ಇವನ್ನೇ. ಕ್ಯಾಸೆಟ್ ಎಷ್ಟು ಮಾರಿತಪ್ಪಾ ಎಂದು ಯಾರೂ ಕೇಳುವುದಿಲ್ಲ!

ಇಲ್ಲಿ ಹಾಡುವ ತತ್ವಪದಗಳ ದೊಡ್ಡ ಗಂಗೋತ್ರಿ ಕಡಕೋಳ ಮಡಿವಾಳಪ್ಪನವರು. ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರು, ನೆಲೆಸಿದ್ದು ಹಳೆಯ ಜೇವರ್ಗಿ ತಾಲೂಕಿನ ಕಡಕೋಳ. ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಟ್ಟುವ ಹೊತ್ತಿಗೆ ಮಡಿವಾಳಪ್ಪ ಕಾಲವಾಗಿ ದಶಕಗಳೇ ಆಗಿದ್ದವು. ಪ್ಲೇಟು ಬಂದ ಮೇಲೂ ತತ್ವಪದಕ್ಕೆ ಅದು ಇಕ್ಕಟ್ಟಿನ ಕೋಣೆ. 78ರ ವೇಗದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ನಮ್ಮವರಿಗೆ ಪಲ್ಲವಿ ತಿರುವಿ ತಿರುವಿ ಹೇಳಲಿಕ್ಕೇ ಅಷ್ಟು ಬೇಕು! ಕ್ಯಾಸೆಟ್ ಬಂದಾಗ ಸ್ವಲ್ಪ ಕೈಕಾಲು ಚಾಚಿದರು. ಆಮೇಲೆ ಮೊಬೈಲ್ ಅಂಗಡಿಯ ಮೆಮೊರಿ ಕಾರ್ಡು. ಈಗ ಯೂಟ್ಯೂಬು, ಬೆಳತನಕದ ಭಜನೆ ಇಡಿಯಾಗಿ!

ಅತ್ತ ಅಮೆರಿಕದಲ್ಲಿ, ಹೆಚ್ಚು ಮಾರಿದ ಆಲ್ಬಮ್ಮಿಗೆ ಕೊಡುವ ಗೋಲ್ಡ್ ಡಿಸ್ಕ್‌ನ ಲೆಕ್ಕವನ್ನೂ 2016ರಲ್ಲಿ ತಿದ್ದಿದರು: 1,500 ಸಲ ಸ್ಟ್ರೀಮ್ ಆದರೆ ಒಂದು ಆಲ್ಬಮ್ ಮಾರಿದ ಹಾಗೆ, ಐದು ಲಕ್ಷ ಆಲ್ಬಮ್ಮಿಗೆ ಚಿನ್ನ. ಅಂದರೆ 75 ಕೋಟಿ ಸಲ! ಯೂಟ್ಯೂಬಿನದು ಬೇರೆಯೇ ಅಳತೆ: ಒಂದು ಲಕ್ಷ ಚಂದಾದಾರರಿಗೆ ಬೆಳ್ಳಿ ಬಟನ್, ಹತ್ತು ಲಕ್ಷಕ್ಕೆ ಬಂಗಾರದ್ದು. ಪ್ಲೇಟು ಹೋದರೂ ಗೋಡೆಗೆ ತೂಗುಹಾಕುವ ಲೋಹದ ಆಸೆ ಹೋಗಲಿಲ್ಲ ನೋಡಿ.

ಆ ಬಟನ್ ಸಿಗುವುದು ಚಾನೆಲ್ಲಿಗೆ, ಹಾಡಿದವರಿಗಲ್ಲ. ಪದ ಕಟ್ಟಿದವರ ಅಂಕಿತ ಕೊನೆಯ ನುಡಿಯಲ್ಲಿ ಭದ್ರವಾಗಿದೆ. ಹಾಡಿದವರ ಹೆಸರು ಪ್ಲೇಟಿನ ಲೇಬಲ್ಲಿನ ಮೇಲೆ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇರುತ್ತಿತ್ತು. ಅವು ಹೋದ ಮೇಲೆ ಹೆಸರಿಗೆ ಜಾಗವೇ ಇಲ್ಲ. ವಿಡಿಯೊ ಏರಿಸುವ ತಮ್ಮಂದಿರೇ, ‘ಸೂಪರ್ ಹಿಟ್ ಭಜನಾ ಪದ’ ಎಂದಷ್ಟೇ ಬರೆದು ಬಿಡಬೇಡಿ. ಹಾಡಿದವರು, ತಬಲಾ ನುಡಿಸಿದವರು, ಅವರ ಊರು, ತಾರೀಖು, ನಾಲ್ಕನ್ನೂ ಕೆಳಗೆ ಬರೆಯಿರಿ.