ಲಿನಕ್ಸ್ ಡೆಸ್ಕ್‌ಟಾಪ್ ಅನ್ವಯ ಸೇವೆಗಳ ನಾಮಕರಣ

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಬಳಕೆದಾರರು ತೆರೆಯುವ ತಂತ್ರಾಂಶಗಳಿಗೆ ಸಿಸ್ಟಮ್‌ಡಿ ವ್ಯವಸ್ಥೆಯ ಘಟಕಗಳು (ಯೂನಿಟ್) ತಾವಾಗಿಯೇ ಸೃಷ್ಟಿಯಾಗುತ್ತವೆ. ಇವುಗಳಿಗೆ ಹೆಸರಿಡುವ ನಿಯಮಗಳನ್ನು ಅನ್ವಯ ಸೇವೆಗಳ ನಾಮಕರಣ ಪದ್ಧತಿ ಎನ್ನಬಹುದು. ಸಿಸ್ಟಮ್‌ಡಿ 2010ರಲ್ಲಿ ಬಿಡುಗಡೆಯಾಯಿತು. ಗ್ನೋಮ್ 3.34 (2019) ಮತ್ತು ಕೆಡಿಇ ಪ್ಲಾಸ್ಮಾ 5.25 (2022) ಆವೃತ್ತಿಗಳಿಂದ ಈ ಡೆಸ್ಕ್‌ಟಾಪ್‌ಗಳು ಬಳಕೆದಾರರ ಅಧಿವೇಶನವನ್ನು ಅದರ ಮೂಲಕವೇ ನಡೆಸತೊಡಗಿದವು.

ಹೆಸರಿನ ರಚನೆ

ಹೆಸರಿನಲ್ಲಿ ಕ್ರಮವಾಗಿ ಐದು ಭಾಗಗಳಿರುತ್ತವೆ: 'ಆಪ್' ಎಂಬ ಪೂರ್ವಪದ, ತೆರೆದ ಡೆಸ್ಕ್‌ಟಾಪ್‌ನ ಹೆಸರು (ಐಚ್ಛಿಕ), ಅನ್ವಯದ ಗುರುತು, ಯಾದೃಚ್ಛಿಕ ಅಕ್ಷರಗಳು ಮತ್ತು ಘಟಕದ ಬಗೆ. ಉದಾಹರಣೆಗೆ, ಆಪ್-ಗ್ನೋಮ್-ಆರ್ಗ್.ಗ್ನೋಮ್.ಎವಿನ್ಸ್@12345.ಸರ್ವಿಸ್ (ಗಣಕದಲ್ಲಿ ಇದು ರೋಮನ್ ಲಿಪಿಯಲ್ಲಿರುತ್ತದೆ). ಅನ್ವಯದ ಗುರುತು ಎಂದರೆ ಅದರ ಡೆಸ್ಕ್‌ಟಾಪ್ ಕಡತದ ಹೆಸರು. ಒಂದೇ ತಂತ್ರಾಂಶವನ್ನು ಹಲವು ಬಾರಿ ತೆರೆದಾಗ ಹೆಸರುಗಳು ಘರ್ಷಿಸದಂತೆ ಯಾದೃಚ್ಛಿಕ ಭಾಗವು ತಡೆಯುತ್ತದೆ.

ಸಿಸ್ಟಮ್‌ಡಿ ತಾನೇ ಆರಂಭಿಸಿದ ಅನ್ವಯವು 'ಸರ್ವಿಸ್' ಆಗುತ್ತದೆ. ಬೇರೆ ತಂತ್ರಾಂಶವು ಆರಂಭಿಸಿ ಬಳಿಕ ಒಪ್ಪಿಸಿದ ಪ್ರಕ್ರಿಯೆಗಳ ಗುಂಪು 'ಸ್ಕೋಪ್' ಆಗುತ್ತದೆ. ಇದರಲ್ಲಿ @ ಚಿಹ್ನೆಯ ಬದಲು ಅಡ್ಡಗೆರೆ ಬರುತ್ತದೆ. ಲಾಗಿನ್ ಆದೊಡನೆ ತಾನಾಗಿ ತೆರೆಯುವ ಅನ್ವಯಗಳಿಗೆ ಆವೃತ್ತಿ 246ರಲ್ಲಿ (2020) ಸೇರಿದ ಉತ್ಪಾದಕವು ಘಟಕ ರಚಿಸಿ, @ ಚಿಹ್ನೆಯ ನಂತರ 'ಆಟೋಸ್ಟಾರ್ಟ್' ಎಂದು ಸೇರಿಸುತ್ತದೆ.

ಮಹತ್ವ

ಸ್ಮರಣೆ ತುಂಬಿದಾಗ ಯಾವ ತಂತ್ರಾಂಶವು ಎಷ್ಟು ಬಳಸುತ್ತಿದೆ ಎಂಬುದನ್ನು ಈ ಹೆಸರಿನಿಂದ ಗುರುತಿಸಬಹುದು. ಒಂದು ಅನ್ವಯದ ಎಲ್ಲ ಪ್ರತಿಗಳಿಗೂ ಒಂದೇ ಸ್ಮರಣೆಯ ಮಿತಿಯನ್ನು ವಿಧಿಸುವುದೂ ಸಾಧ್ಯ. ಹೆಸರು ನಿಯಮದಂತಿಲ್ಲದಿದ್ದರೆ ಇಂತಹ ಮಿತಿ ಅನ್ವಯಕ್ಕೆ ತಗಲುವುದಿಲ್ಲ.

ಕನ್ನಡ ಹೆಸರುಗಳು

ಅಡ್ಡಗೆರೆಯು ಭಾಗಗಳನ್ನು ಬೇರ್ಪಡಿಸುವುದರಿಂದ, ಗುರುತಿನೊಳಗೆ ಅದು ಬಂದರೆ ನಾಲ್ಕು ಅಕ್ಷರಗಳ ಸಂಕೇತವಾಗಿ ಬದಲಾಗಬೇಕು. ಆಸ್ಕಿಗೆ ಸೇರದ ಪ್ರತಿಯೊಂದು ಬೈಟ್‌ಗೂ ಇದೇ ರೀತಿ ಸಂಕೇತ ಬಳಸಲಾಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟ್‌ಗಳು ಬೇಕು. ಹಾಗಾಗಿ ಅದು 12 ಅಕ್ಷರಗಳಾಗುತ್ತದೆ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ 'ದೇವರಾಯಸಮುದ್ರ' ಎಂಬ ಹೆಸರನ್ನೇ ಕಡತಕ್ಕೆ ಇಟ್ಟರೆ, ಅದರ 12 ಸಂಕೇತಬಿಂದುಗಳು 144 ಅಕ್ಷರಗಳಾಗುತ್ತವೆ. ಘಟಕದ ಪೂರ್ಣ ಹೆಸರಿನ ಮಿತಿ 255 ಅಕ್ಷರಗಳು. 21 ಸಂಕೇತಬಿಂದುಗಳ ಹೆಸರು 252 ಅಕ್ಷರಗಳಾಗಿ, ಪೂರ್ವಪದ ಸೇರಿದೊಡನೆ ಈ ಮಿತಿಯನ್ನು ಮೀರುತ್ತದೆ.

ಆದ್ದರಿಂದ ಡೆಸ್ಕ್‌ಟಾಪ್ ಕಡತಕ್ಕೆ ಆಸ್ಕಿ ಅಕ್ಷರಗಳಲ್ಲಿ, ಜಾಲತಾಣದ ವಿಳಾಸವನ್ನು ಹಿಂದುಮುಂದಾಗಿಸಿದ ಕ್ರಮದಲ್ಲಿ ಹೆಸರಿಡುವುದು ರೂಢಿ. ಮೆನುವಿನಲ್ಲಿ ಕಾಣುವ ಕನ್ನಡ ಹೆಸರನ್ನು ಅದೇ ಕಡತದೊಳಗೆ, ಭಾಷಾಸೂಚಿಯಿರುವ ಪ್ರತ್ಯೇಕ ಸಾಲಿನಲ್ಲಿ ಬರೆಯಲಾಗುತ್ತದೆ. ಘಟಕದ ಹೆಸರಿನ ಮೇಲೆ ಅದು ಯಾವ ಪರಿಣಾಮವನ್ನೂ ಬೀರುವುದಿಲ್ಲ.