ಚಲಚ್ಚಿತ್ರದಲ್ಲಿ ವಾಕ್ಯಾರ್ಥವಿಚಾರ

ಪದಗಳ ರಾಶಿಮಾತ್ರವು ವಾಕ್ಯವಾಗದೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಹಸು, ಕುದುರೆ, ಆನೆ ಎಂದು ಸಾಲಾಗಿ ಉಚ್ಚರಿಸಿದರೆ ಅಲ್ಲಿ ಆಕಾಂಕ್ಷೆಯಿಲ್ಲ; ಬೆಂಕಿಯಿಂದ ತೋಯಿಸು ಎಂದರೆ ಯೋಗ್ಯತೆಯಿಲ್ಲ; ಒಂದೊಂದು ಪದವನ್ನು ಜಾವಕ್ಕೊಮ್ಮೆ ನುಡಿದರೆ ಸನ್ನಿಧಿಯಿಲ್ಲ. ಈ ಮೂರೂ ಕೂಡಿದಲ್ಲಿಯೇ ಅರ್ಥಬೋಧೆ. ಸಂಬಂಧವಿಲ್ಲದ ಬಿಡಿಚಿತ್ರಗಳಿಂದ ಕಥೆಯನ್ನು ಕಟ್ಟುವ ಚಲಚ್ಚಿತ್ರಕಲೆಗೂ ಈ ನಿಯಮವು ಸಲ್ಲುವುದೆಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯವು.

ರಷ್ಯಾದೇಶದ ಲೆವ್ ಕುಲೆಶೋವನು ಸುಮಾರು 1920ರಲ್ಲಿ, ಹೊಸ ಫಿಲ್ಮು ದುರ್ಲಭವಾಗಿದ್ದ ಕಾಲದಲ್ಲಿ, ಹಳೆಯ ತುಣುಕುಗಳನ್ನೇ ಜೋಡಿಸಿ ಮಾಸ್ಕೋದಲ್ಲಿ ಶಿಷ್ಯರಿಗೆ ಪಾಠ ಹೇಳಿದನು. ಶಿಷ್ಯನಾದ ಪುಡೋವ್ಕಿನನ ಕಥನದಂತೆ, ನಟ ಮೊಝುಖಿನನ ನಿರ್ವಿಕಾರವಾದ ಒಂದೇ ಮುಖವನ್ನು ಸಾರಿನ ಬಟ್ಟಲು, ಶವಪೆಟ್ಟಿಗೆಯಲ್ಲಿನ ಸ್ತ್ರೀ, ಆಡುವ ಮಗು ಇವುಗಳೊಡನೆ ಬೇರೆಬೇರೆಯಾಗಿ ಜೋಡಿಸಲು, ನೋಟಕರು ಕ್ರಮವಾಗಿ ಚಿಂತೆ, ಶೋಕ, ಸಂತೋಷಗಳನ್ನು ಕಂಡು ನಟನನ್ನು ಕೊಂಡಾಡಿದರು.

ಪದಗಳು ಮೊದಲು ಸ್ವಾರ್ಥವನ್ನು ತಿಳಿಸಿ, ಬಳಿಕ ಆ ಅರ್ಥಗಳು ಅನ್ವಯಗೊಳ್ಳುವುವೆಂದು ಭಾಟ್ಟರ ಮತ. ಅನ್ವಿತವಾದ ಅರ್ಥವನ್ನೇ ಪದವು ತಿಳಿಸುವುದೆಂದು ಪ್ರಾಭಾಕರರ ಮತ. ಭಾಷೆಯಲ್ಲಿ ಯಾವ ಪಕ್ಷವು ಗೆದ್ದರೂ, ಆ ಮುಖದ ಭಾವವು ಅನ್ವಯದಲ್ಲಿಯೇ ಹುಟ್ಟಿದುದರಿಂದ ಚಿತ್ರವು ಪ್ರಾಭಾಕರರ ಕಡೆಗೆ ಒಲಿಯುವುದು.

ಕನ್ನಡದಲ್ಲಿ ಇದಕ್ಕೆ ಉದಾಹರಣೆಯಾಗಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ನೋಡಬಹುದು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಈ ಚಿತ್ರದಲ್ಲಿ ಬಾಲಕ ನಾಣಿಯ ನೋಟವೂ ಅವನು ಕಂಡ ಯಮುನೆಯ ಬಾಳೂ ಸನ್ನಿಹಿತವಾಗುತ್ತವೆ. ಹುಡುಗನಿಗೆ ಪೂರ್ತಿಯಾಗಿ ತಿಳಿಯದ ಸಂಕಟವು ಈ ಸನ್ನಿಧಿಯಿಂದಲೇ ನೋಟಕನಿಗೆ ತಿಳಿಯುವುದು.

ಇದನ್ನು ಕಲಿಸಲು ಯಂತ್ರಸಾಮಗ್ರಿಯೇ ಬೇಕೆಂದಿಲ್ಲ. ಸೀರೆಯ ನೇಯ್ಗೆಗೆ ಹೆಸರಾದ ಬೆಳಗಾವಿಯ ಶಹಾಪುರದ ಅಧ್ಯಾಪಕರಿಗೆ ಮೂರು ಛಾಯಾಚಿತ್ರಗಳು ಸಾಕು: ನಿಂತುಹೋದ ಮಗ್ಗ, ಹಸೆಯ ಮೇಲೆ ಹೊಸ ಸೀರೆಯುಟ್ಟ ವಧು, ವೃದ್ಧ ನೇಕಾರನೊಬ್ಬನ ಶಾಂತವಾದ ಮುಖ. ಮಗ್ಗದ ಬಳಿಕ ಮುಖವನ್ನಿಟ್ಟರೆ ಕಸುಬು ಕಳೆದುಕೊಂಡವನ ಅಳಲು. ವಧುವಿನ ಬಳಿಕ ಇಟ್ಟರೆ ಕೃತಾರ್ಥತೆ. ಮಗ್ಗ, ಮುಖ, ವಧು ಎಂಬ ಕ್ರಮದಲ್ಲಿಟ್ಟರೆ ಹಿಂದಿನ ದಿನಗಳ ಸ್ಮರಣೆ. ವಧುವಿನ ಸ್ಥಾನದಲ್ಲಿ ಹಡಗನ್ನಿಟ್ಟು ನೋಡಿದರೆ, ಯೋಗ್ಯತೆ ಎಲ್ಲಿ ತಪ್ಪುವುದೆಂಬುದು ವಿದ್ಯಾರ್ಥಿಗೇ ಹೊಳೆಯುವುದು.

ಆದರೆ ಇಲ್ಲಿ ಎಚ್ಚರಿಕೆಯೊಂದುಂಟು. ಆ ವೃದ್ಧನ ಮನಸ್ಸಿನಲ್ಲಿ ಏನಿತ್ತೆಂದು ನಾವು ಕೇಳಲೇ ಇಲ್ಲ. ಅಳಲೂ ಕೃತಾರ್ಥತೆಯೂ ನಾವು ಆರೋಪಿಸಿದುವು. ನಿರಪರಾಧಿಯ ಮುಖದ ಪಕ್ಕದಲ್ಲಿ ಸುಟ್ಟ ಮನೆಯನ್ನಿಟ್ಟರೆ ಅವನು ನೋಟಕರ ಕಣ್ಣಿಗೆ ಅಪರಾಧಿಯಾಗುವನು. ಆದುದರಿಂದ ಚಿತ್ರಗಳನ್ನು ಜೋಡಿಸುವುದನ್ನು ಕಲಿಸುವ ಅಧ್ಯಾಪಕರು, ಪದಚ್ಛೇದದಂತೆ ಅವನ್ನು ಬಿಡಿಸಿ ಪರೀಕ್ಷಿಸುವುದನ್ನೂ ಕಲಿಸುವುದು ಅವಶ್ಯವಾಗಿದೆ.